ಬೊಜ್ಜಿನ ಮೈ, ಇಸಬಿನ ಚರ್ಮ

1878ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಪೌಲ್ ಎರ್ಲಿಖ್ ಎಂಬ ಇಪ್ಪತ್ತನಾಲ್ಕರ ತರುಣ ತನ್ನ ಪ್ರೌಢಪ್ರಬಂಧವನ್ನು ಒಪ್ಪಿಸಿದ. ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ದೇಹದ ಅಂಗಾಂಶಗಳಿಗೆ ಹಾಕಿ ನೋಡಿದರೆ ಏನು ಕಂಡೀತು ಎಂಬುದು ಅದರ ವಿಷಯ. ಹಾಗೆ ನೋಡುವಾಗ ಒಡಲ ತುಂಬ ಹರಳುಗಳನ್ನು ತುಂಬಿಕೊಂಡು ಕುಳಿತ ಒಂದು ಬಗೆಯ ಜೀವಕೋಶ ಅವನ ಕಣ್ಣಿಗೆ ಬಿತ್ತು. ಚೆನ್ನಾಗಿ ಉಂಡು ಕೊಬ್ಬಿದ ಕೋಶವಿರಬೇಕೆಂದು ಎಣಿಸಿ ಅವನು ಅದನ್ನು ‘ಮಾಸ್ಟ್’ ಕೋಶವೆಂದು ಕರೆದ. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ಪಶುಗಳನ್ನು ಮೇಯಿಸಿ ಕೊಬ್ಬಿಸುವುದು ಎಂದರ್ಥ. ಎಪ್ಪತ್ತೈದು ವರ್ಷಗಳ ಅನಂತರ, 1953ರಲ್ಲಿ, ರೈಲಿ ಮತ್ತು ವೆಸ್ಟ್ ಎಂಬ ಇಬ್ಬರು ವಿಜ್ಞಾನಿಗಳು ಆ ಹರಳುಗಳಲ್ಲಿ ಹಿಸ್ಟಮೀನ್ ಎಂಬ ಪದಾರ್ಥ ಅಡಗಿದೆಯೆಂದು ತೋರಿಸಿದರು. ಮೈಮೇಲೆ ದದ್ದು ಏಳಿಸುವ, ನವೆ ಹುಟ್ಟಿಸುವ, ಸೀನು ತರಿಸುವ ಪದಾರ್ಥ ಅದು. ಎರ್ಲಿಖ್ ಊಟದ ಡಬ್ಬಿಯೆಂದು ತಿಳಿದದ್ದು ವಾಸ್ತವವಾಗಿ ಮದ್ದಿನ ಡಬ್ಬಿ. ಆದರೂ ಹೆಸರು ಬದಲಾಗಲಿಲ್ಲ. ಅಲರ್ಜಿಯ ಮುಖ್ಯ ಸೈನಿಕ ಇಂದಿಗೂ ‘ಕೊಬ್ಬಿಸಿದ ಕೋಶ’ವೆಂದೇ ಕರೆಸಿಕೊಳ್ಳುತ್ತಿದ್ದಾನೆ.

ಕೊಬ್ಬಿಗೂ ಅಲರ್ಜಿಗೂ ಈ ಹೆಸರಿನಲ್ಲಿ ಬಿದ್ದ ಗಂಟು ಕೇವಲ ಕಾಕತಾಳೀಯ. ಆದರೆ ಅವೆರಡರ ನಡುವೆ ನಿಜವಾದ ನಂಟೊಂದು ಉಂಟೆಂಬುದು ಈಚಿನ ಮೂವತ್ತು ನಲವತ್ತು ವರ್ಷಗಳಲ್ಲಿ ಹಂತಹಂತವಾಗಿ ಬೆಳಕಿಗೆ ಬಂದಿದೆ. ಸ್ಥೂಲಕಾಯದವರ ಚರ್ಮ ಅಲರ್ಜಿಯಿಂದ ಊದಿಕೊಂಡಾಗ ಅದರ ಒಳಗಿನ ಕಥೆ ಕೃಶಕಾಯದವರ ಕಥೆಗಿಂತ ಬೇರೆಯಾಗಿರಬಹುದು, ಒಬ್ಬರಿಗೆ ಗುಣಕೊಡುವ ಔಷಧ ಇನ್ನೊಬ್ಬರಿಗೆ ಒದಗದೆ ಹೋಗಬಹುದು ಎಂಬಲ್ಲಿಗೆ ವಿಚಾರ ಬಂದು ನಿಂತಿದೆ. ಈ ತಿಳಿವಳಿಕೆ ಬಂದ ದಾರಿ ನೇರವಾದದ್ದಲ್ಲ. ಆ ದಾರಿಯ ಕೆಲವು ಮೈಲಿಗಲ್ಲುಗಳನ್ನು ತಮ್ಮ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲು ಚರ್ಮದ ಮಾತು. ನಮ್ಮ ಕನ್ನಡದಲ್ಲಿ ಕೆರೆತದ ಕಾಯಿಲೆಗಳಿಗೆ ಹೆಸರಿನ ಬಡತನವಿಲ್ಲ. ನವೆ, ತುರಿ, ಕಜ್ಜಿ, ಗಜಕರ್ಣ, ಇಸಬು, ಒಂದೊಂದೂ ಒಂದೊಂದು ಬಗೆ. ಇವೆಲ್ಲದರ ಹಿಂದೆ ‘ನಂಜು’ ಎಂಬ ಮಾತೊಂದಿದೆ. ನನ್ನ ಸೋದರತ್ತೆಯೊಬ್ಬರಿಗೆ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಇಸಬು. ಅವರು ಬದನೆಕಾಯಿಯನ್ನು ಮುಟ್ಟಿದವರಲ್ಲ; ಅದು ನಂಜು. ಕುಂಬಳಕಾಯಿಯೂ ನಂಜು, ಕಡಲೆಕಾಯಿಯೂ ನಂಜು. ಮೈ ತುಂಬಿಕೊಂಡ ಹೆಂಗಸು ಅವರು. ಬಂಧುಗಳು ಅವರ ಕೆರೆತಕ್ಕೆ ಅವರ ತಟ್ಟೆಯನ್ನು ದೂರುತ್ತಿದ್ದರು, ಅವರ ತಟ್ಟೆಗೆ ಅವರ ನಾಲಗೆಯನ್ನು ದೂರುತ್ತಿದ್ದರು. ಚರ್ಮದ ಕಾಯಿಲೆಯನ್ನೂ ಮೈಯ ಬೊಜ್ಜನ್ನೂ ಮನುಷ್ಯನ ನಡತೆಯ ಲೆಕ್ಕಕ್ಕೆ ಬರೆಯುವ ಈ ಅಭ್ಯಾಸ ಬಹಳ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೆಂಟು ಬಗೆಯ ಕುಷ್ಠಗಳನ್ನು ಎಣಿಸಿದ್ದಾರೆ. ಇಸಬನ್ನು ಹೋಲುವ ವಿಚರ್ಚಿಕೆ ಅವುಗಳಲ್ಲಿ ಒಂದು. ಕಾರಣಗಳ ಪಟ್ಟಿಯಲ್ಲಿ ಒಂದಕ್ಕೊಂದು ಹೊಂದದ ಆಹಾರವೂ ಇದೆ, ಪಾಪಕರ್ಮವೂ ಇದೆ.

ಗ್ರೀಕರಲ್ಲಿ ‘ಎಕ್ಸಿಮಾ’ ಎಂಬ ಮಾತಿಗೆ ಉಕ್ಕಿ ಹೊರಚೆಲ್ಲುವುದು ಎಂದು ಅರ್ಥ. ಒಲೆಯ ಮೇಲಿನ ಹಾಲು ಉಕ್ಕುವಂತೆ ಮೈಯೊಳಗಿನ ಯಾವುದೋ ಕುದಿತ ಚರ್ಮದ ಮೇಲೆ ಬಂದು ಒಡೆಯುತ್ತದೆಂಬ ಕಲ್ಪನೆ. ಒಳಗಿನ ಕೆಡುಕು ಹೊರಗೆ ಕಾಣುತ್ತದೆ ಎಂಬ ಈ ಭಾವನೆಯನ್ನು ಹತ್ತೊಂಬತ್ತನೆಯ ಶತಮಾನದ ಚರ್ಮವೈದ್ಯರು ಬಹುಮಟ್ಟಿಗೆ ಬದಿಗೆ ಸರಿಸಿದರು. ವಿಯೆನ್ನಾದ ಹೆಬ್ರಾನಂಥವರು ಚರ್ಮವನ್ನು ಚರ್ಮವಾಗಿಯೇ ನೋಡಲು ಕಲಿಸಿದರು. ಅದು ಆಗ ಅಗತ್ಯವಾಗಿತ್ತು. ಆದರೆ ಹಳಬರ ಊಹೆ ಪೂರ್ತಿ ಹುಸಿಯಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಕೆರೆತಕ್ಕೆ ಬೊಜ್ಜೇ ಬೇಕೆಂದಿಲ್ಲ. ರೋಮಿನ ಚಕ್ರವರ್ತಿ ಅಗಸ್ಟಸನ ಚರಿತ್ರೆ ಬರೆದ ಸ್ವೆಟೋನಿಯಸ್ ಅವನ ಮೈಯ ತುರಿಕೆಯನ್ನೂ, ಮೈಯ ಎಣ್ಣೆಕೊಳೆ ಹೆರೆಯುವ ಲೋಹದ ಉಪಕರಣದಿಂದ ಉಜ್ಜಿ ಉಜ್ಜಿ ಚರ್ಮ ದಡ್ಡುಗಟ್ಟಿದ್ದನ್ನೂ, ಬಿಸಿಗಾಳಿ ಬೀಸಿದಾಗ ಅವನಿಗೆ ನೆಗಡಿ ಹಿಡಿಯುತ್ತಿದ್ದುದನ್ನೂ ದಾಖಲೆ ಮಾಡಿದ್ದಾನೆ. ಇವೆಲ್ಲ ಒಂದೇ ಅಲರ್ಜಿ ಪ್ರಕೃತಿಯ ಗುರುತುಗಳೆಂದು ಇಂದಿನ ಕೆಲವು ಚರ್ಮವೈದ್ಯರು ಊಹಿಸುತ್ತಾರೆ. ಅದೇ ಗ್ರಂಥಕಾರ ಅಗಸ್ಟಸನನ್ನು ಮಿತಾಹಾರಿಯೆಂದೂ ಹೇಳುತ್ತಾನೆ!

ಇನ್ನು ಬೊಜ್ಜಿನ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ನಿಂದ್ಯರೆನಿಸಿದ ಎಂಟು ಬಗೆಯ ಶರೀರಗಳನ್ನು ಹೇಳುತ್ತದೆ. ತೀರ ಎತ್ತರದವನು, ತೀರ ಕುಳ್ಳ, ಮೈತುಂಬ ರೋಮದವನು, ರೋಮವೇ ಇಲ್ಲದವನು, ಕಡುಗಪ್ಪಿನವನು, ಕಡುಬಿಳುಪಿನವನು, ಅತಿಸ್ಥೂಲ, ಅತಿಕೃಶ. ಇವರಲ್ಲಿ ಕೊನೆಯ ಇಬ್ಬರ ವಿಚಾರವನ್ನೇ ಗ್ರಂಥ ವಿಸ್ತರಿಸುತ್ತದೆ. ಮೇದಸ್ಸು ದಾರಿಗಳನ್ನು ಮುಚ್ಚುತ್ತದೆ. ದಾರಿ ಕಾಣದ ವಾಯು ಕೋಷ್ಠದಲ್ಲೇ ಸುಳಿದು ಅಗ್ನಿಯನ್ನು ಊದುತ್ತದೆ. ಕಾಡನ್ನು ಕಾಳ್ಗಿಚ್ಚು ಸುಡುವಂತೆ ಅದು ದೇಹವನ್ನು ಸುಡುತ್ತದೆ. ಇದು ಸ್ಥೂಲಕಾಯದ ವರ್ಣನೆ. ಪ್ರಾಚೀನರ ಮಾತಿನಲ್ಲಿ ಆಧುನಿಕ ವಿಜ್ಞಾನವನ್ನು ಹುಡುಕುವ ಚಪಲ ನನಗಿಲ್ಲ. ಬೊಜ್ಜು ಸುಮ್ಮನೆ ಕುಳಿತ ಹೊರೆಯಲ್ಲ, ಒಳಗೆ ಒಂದು ಕಿಚ್ಚನ್ನು ಎಬ್ಬಿಸುತ್ತದೆ ಎಂಬ ಚಿತ್ರ ಮಾತ್ರ ಗಮನಾರ್ಹ. ಯೂರೋಪಿನ ವೈದ್ಯರು ಬೊಜ್ಜನ್ನು ಬಹುಕಾಲ ಬರಿಯ ಉಗ್ರಾಣವೆಂದೇ ತಿಳಿದಿದ್ದರು.

ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯವನು. ಅರವತ್ತು ದಾಟಿದ ಮೇಲೆ ಅವನ ತೂಕ 202 ಪೌಂಡು, ಎತ್ತರ ಐದು ಅಡಿ ಐದು ಅಂಗುಲ. ಬೂಟಿನ ದಾರ ಕಟ್ಟಿಕೊಳ್ಳಲಾರ; ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ಕಿವಿ ಮಂದವಾಯಿತೆಂದು ವೈದ್ಯ ಹಾರ್ವೆಯ ಬಳಿಗೆ ಹೋದಾಗ ಹಾರ್ವೆ ರೊಟ್ಟಿ, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿಸಿದ. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ಪ್ರಕಟಿಸಿದ ಕಿರುಹೊತ್ತಗೆ ಮನೆಮಾತಾಗಿ, ಪಥ್ಯ ಮಾಡುವುದಕ್ಕೇ ಇಂಗ್ಲಿಷರು ಅವನ ಹೆಸರನ್ನು ಕ್ರಿಯಾಪದವಾಗಿ ಬಳಸಿದರು. ನನಗೆ ಸ್ವಾರಸ್ಯವೆನಿಸಿದ್ದು ಅದರಲ್ಲಿ ಹಾದುಹೋಗುವ ಒಂದು ಮಾತು. ತೂಕ ಏರುತ್ತಿದ್ದ ದಿನಗಳಲ್ಲಿ ಅವನ ಮೈಮೇಲೆ ಕುರುಗಳೆದ್ದವು, ಶಸ್ತ್ರಚಿಕಿತ್ಸೆ ಬೇಕಾಯಿತು. ಆಮೇಲೆ ಚೇತರಿಕೆಗೆಂದು ಚೆನ್ನಾಗಿ ಉಣ್ಣಿಸಿ ಅವನನ್ನು ಇನ್ನಷ್ಟು ದಪ್ಪ ಮಾಡಿದರು. ಕುರು ಅಲರ್ಜಿಯಲ್ಲ, ನಿಜ. ಆದರೆ ಸ್ಥೂಲಕಾಯದ ಚರ್ಮಕ್ಕೆ ಅದರದೇ ಆದ ಸಂಕಟಗಳುಂಟೆಂದು ರೋಗಿಗೆ ತಿಳಿದಿತ್ತು. ವೈದ್ಯರು ಅವೆರಡನ್ನೂ ಜೋಡಿಸಿ ನೋಡಲಿಲ್ಲ.

‘ಅಲರ್ಜಿ’ ಎಂಬ ಮಾತು ಹುಟ್ಟಿದ್ದು 1906ರಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕಿನಿಂದ ಎರಡು ಮಾತುಗಳನ್ನು ತೆಗೆದು ಅದನ್ನು ಕಟ್ಟಿದ. ಅದರ ಅರ್ಥ ‘ಬದಲಾದ ಪ್ರತಿಕ್ರಿಯೆ’. ಹೊರಗಿನ ಒಂದು ಪದಾರ್ಥವನ್ನು ಒಮ್ಮೆ ಕಂಡ ದೇಹ ಎರಡನೆಯ ಸಲ ಅದನ್ನು ಮೊದಲಿನಂತೆ ಎದುರುಗೊಳ್ಳುವುದಿಲ್ಲ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಬದಲಾಗಿರುತ್ತದೆ. ಅವನ ಮಾತಿಗೆ ಇಷ್ಟು ವಿಶಾಲವಾದ ಅರ್ಥವಿತ್ತು. ಕಾಲಕ್ರಮದಲ್ಲಿ ಕೆಟ್ಟ ಬದಲಾವಣೆಗೆ ಮಾತ್ರ ಅದು ನಿಂತಿತು. 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್ ವಂಶಪಾರಂಪರ್ಯವಾಗಿ ಬರುವ ಉಬ್ಬಸ ಮತ್ತು ಪರಾಗದ ಶೀತಗಳಿಗೆ ಹೆಸರು ಹುಡುಕಿ ಗ್ರೀಕ್ ಪಂಡಿತರೊಬ್ಬರ ಮೊರೆಹೊಕ್ಕರು. ‘ಅಟೊಪಿ’ ಎಂಬ ಮಾತು ಸಿಕ್ಕಿತು. ವಿಚಿತ್ರವಾದದ್ದು, ತನ್ನ ಸ್ಥಾನದಲ್ಲಿಲ್ಲದ್ದು ಎಂದರ್ಥ. ಹತ್ತು ವರ್ಷ ಕಳೆದು, 1933ರಲ್ಲಿ, ವೈಸ್ ಮತ್ತು ಸುಲ್ಜ್‌ಬರ್ಗರ್ ಅದೇ ಮಾತನ್ನು ಚರ್ಮಕ್ಕೂ ತಂದರು. ಅಟೊಪಿಕ್ ಡರ್ಮಟೈಟಿಸ್ ಎಂಬ ಹೆಸರು ಅಂದಿನಿಂದ ಬಳಕೆಗೆ ಬಂದಿತು. ನನ್ನ ಅತ್ತೆಯ ಇಸಬು ಇದೇ ಜಾತಿಯದು.

ನಮ್ಮ ನಾಡಿನವರಿಗೆ ಚರ್ಮದ ಅಲರ್ಜಿ ಎಂದೊಡನೆ ನೆನಪಾಗುವುದು ಕಾಂಗ್ರೆಸ್ ಗಿಡ. ಪಾರ್ಥೀನಿಯಂ ಎಂಬ ಈ ಕಳೆ 1950ರ ದಶಕದಲ್ಲಿ ಪುಣೆಯ ಬಳಿ ಜನರ ಗಮನಕ್ಕೆ ಬಂದು, ಬೆಂಗಳೂರಿನ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿತು. ಅದು ತಂದ ಚರ್ಮರೋಗದ ಬಗ್ಗೆ 1970ರ ದಶಕದಲ್ಲೇ ಇಲ್ಲಿ ಸಂಶೋಧನೆಗಳು ನಡೆದುವು. ಆದರೆ ಅದು ಸ್ಪರ್ಶದಿಂದ, ಗಾಳಿಯ ಧೂಳಿನಿಂದ, ಒಂದೆರಡು ದಿನ ತಡೆದು ಏಳುವ ಅಲರ್ಜಿ. ಕುಲದಲ್ಲಿ ಹರಿದು ಬರುವ ಇಸಬಿನ ದಾಯಾದಿಯೇ ಹೊರತು ಅದೇ ಅಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ದಾಟುತ್ತೇನೆ. ಅಲರ್ಜಿಗೆ ಕಾರಣವಾದ ಇಮ್ಯುನೊಗ್ಲಾಬ್ಯುಲಿನ್ ಇ ಎಂಬ ಪ್ರತಿಕಾಯವನ್ನು 1960ರ ದಶಕದಲ್ಲಿ ಇಷಿಜಾಕಾ ದಂಪತಿಗಳೂ ಸ್ವೀಡನ್ನಿನ ವಿಜ್ಞಾನಿಗಳೂ ಬೇರೆ ಬೇರೆಯಾಗಿ ಕಂಡುಕೊಂಡರು. 1986ರಲ್ಲಿ ಮಾಸ್‌ಮನ್ ಮತ್ತು ಕಾಫ್‌ಮನ್ ರಕ್ತದ ಸಹಾಯಕ ಟಿ ಕೋಶಗಳಲ್ಲಿ ಎರಡು ಪಂಗಡಗಳುಂಟೆಂದು ತೋರಿಸಿದರು. ಎರಡನೆಯ ಪಂಗಡದವು ಹೊಟ್ಟೆಹುಳುಗಳ ಮೇಲೆ ಯುದ್ಧ ಹೂಡಬೇಕಾದವು. ಹೂಡಲು ಹುಳುವಿಲ್ಲದಾಗ ಧೂಳಿನ ಮೇಲೆ, ಪರಾಗದ ಮೇಲೆ ಹೂಡುತ್ತವೆ, ಅಲರ್ಜಿಯಾಗುತ್ತದೆ. 2005ರಲ್ಲಿ ಹದಿನೇಳು ಎಂಬ ಅಂಕಿತದ ಮೂರನೆಯದೊಂದು ಪಂಗಡ ಗೊತ್ತಾಯಿತು. ಚರ್ಮದ ಮೇಲಿನ ಬ್ಯಾಕ್ಟೀರಿಯ, ಬೂಷ್ಟುಗಳನ್ನು ತಡೆಯುವುದು ಅದರ ಕೆಲಸ. ಅದು ಕೆರಳಿದರೆ ಸೋರಿಯಾಸಿಸ್‌ನಂಥ ರೋಗಗಳು ತಲೆದೋರುತ್ತವೆ. ಈ ಎರಡು ಮತ್ತು ಹದಿನೇಳು ಎಂಬ ಅಂಕಿಗಳನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು.

ಬೊಜ್ಜಿನ ಕಥೆ ಹೊಸ ತಿರುವು ಪಡೆದದ್ದು ಒಂದು ಇಲಿಯಿಂದ. 1949ರಲ್ಲಿ ಅಮೆರಿಕದ ಮೇಯ್ನ್ ಪ್ರಾಂತದ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಹೊಟ್ಟೆಬಾಕತನದಿಂದ ಚೆಂಡಿನಂತೆ ಉಬ್ಬಿದ ಇಲಿಯೊಂದು ಹುಟ್ಟಿತು. ಅದೇ ಪ್ರಯೋಗಶಾಲೆಯ ಡಗ್ಲಸ್ ಕೋಲ್‌ಮನ್ ಅಂಥ ಇಲಿಗಳ ರಕ್ತಪ್ರವಾಹವನ್ನು ಬೇರೆ ಇಲಿಗಳ ರಕ್ತಪ್ರವಾಹದೊಡನೆ ಕೂಡಿಸಿ, ‘ಇನ್ನು ಸಾಕು’ ಎಂದು ಹೇಳುವ ಯಾವುದೋ ಪದಾರ್ಥ ಈ ಇಲಿಯ ರಕ್ತದಲ್ಲಿ ಇಲ್ಲವೆಂದು ತರ್ಕಿಸಿದರು. ಬಹಳ ಮಂದಿ ನಂಬಲಿಲ್ಲ. ದಪ್ಪಗಿರುವುದು ಮನಸ್ಸಿನ ದೌರ್ಬಲ್ಯ ಎಂಬ ನಂಬಿಕೆ ಅಷ್ಟು ಬೇರೂರಿತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಆ ಪದಾರ್ಥದ ಜೀನನ್ನು ಹಿಡಿಯಿತು. ಗ್ರೀಕಿನ ‘ಕೃಶ’ ಎಂಬ ಮಾತಿನಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರಾಯಿತು. ಅದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಉಗ್ರಾಣವೆನಿಸಿದ್ದು ಮಾತನಾಡುವ ಅಂಗವಾಯಿತು.

ಅದು ಆಡುವ ಮಾತು ಹಸಿವೆಯನ್ನು ಕುರಿತದ್ದು ಮಾತ್ರವಲ್ಲ. 1993ರಲ್ಲೇ ಹಾರ್ವರ್ಡಿನ ಹೊತಮಿಸ್ಲಿಗಿಲ್, ಸ್ಪೀಗಲ್‌ಮನ್ ಮೊದಲಾದವರು ಬೊಜ್ಜಿನ ಅಂಗಾಂಶ ಟಿಎನ್‌ಎಫ್ ಎಂಬ ಉರಿಯೂತದ ಪದಾರ್ಥವನ್ನು ಹೊರಸೂಸುವುದನ್ನು ತೋರಿಸಿದ್ದರು. 1998ರಲ್ಲಿ ಲಂಡನ್ನಿನ ತಂಡವೊಂದು ಹಸಿವೆಯಿಂದ ಕುಗ್ಗಿದ ಇಲಿಗಳ ರೋಗನಿರೋಧ ಲೆಪ್ಟಿನ್ ಕೊಟ್ಟಾಗ ಮತ್ತೆ ತಲೆಯೆತ್ತಿದ್ದನ್ನು ಕಂಡಿತು. ಟಿ ಕೋಶಗಳು ಕೊಬ್ಬಿನ ಮಾತನ್ನು ಕೇಳುತ್ತವೆಂದಾಯಿತು. 2003ರಲ್ಲಿ ಇನ್ನೆರಡು ತಂಡಗಳು ಸ್ಥೂಲದೇಹದ ಕೊಬ್ಬಿನೊಳಕ್ಕೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ದಂಡುದಂಡಾಗಿ ಬಂದು ಬೀಡುಬಿಟ್ಟಿರುವುದನ್ನು ವರದಿ ಮಾಡಿದವು. ಗಾಯವಿಲ್ಲ, ಕ್ರಿಮಿಯಿಲ್ಲ, ಆದರೂ ಒಳಗೊಂದು ಸಣ್ಣ ಉರಿ ಆರದೆ ಉರಿಯುತ್ತಿರುತ್ತದೆ.

ಉರಿ ಇರುವ ಮನೆಯಲ್ಲಿ ಚರ್ಮಕ್ಕೆ ಝಳ ತಗಲದೆ ಇದ್ದೀತೆ? ಈ ಪ್ರಶ್ನೆಯನ್ನು ಮೊದಲು ಎತ್ತಿಕೊಂಡವರು ಅಂಕಿಅಂಶದವರು. 2015ರಲ್ಲಿ ಜಾಂಗ್ ಮತ್ತು ಸಿಲ್ವರ್‌ಬರ್ಗ್ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಉತ್ತರ ಅಮೆರಿಕದಲ್ಲೂ ಏಷ್ಯದಲ್ಲೂ ಹೆಚ್ಚು ತೂಕದವರಲ್ಲಿ ಈ ಇಸಬು ಹೆಚ್ಚು. ಯೂರೋಪಿನಲ್ಲಿ ಆ ಸಂಬಂಧ ಕಾಣಲಿಲ್ಲ. ಇಂಥ ಲೆಕ್ಕಗಳ ಮುಂದೆ ನಾನು ಸ್ವಲ್ಪ ತಡೆದು ನಿಲ್ಲುತ್ತೇನೆ. ಯಾವುದು ಮುಂದು, ಯಾವುದು ಹಿಂದು? ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆಗೆಟ್ಟವರು, ಬೆವರಿದರೆ ಉರಿಯುತ್ತದೆಂದು ಆಟ ಓಟ ಬಿಟ್ಟವರು, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು ದಪ್ಪಗಾದರೆ ಅದು ರೋಗದ ಫಲ, ರೋಗದ ಮೂಲವಲ್ಲ. ಇನ್ನು ಕೆಲವರಲ್ಲಿ ಚರ್ಮದ ಗೋಡೆಯೇ ಹುಟ್ಟಿನಿಂದ ಸಡಿಲ. ಫಿಲಗ್ರಿನ್ ಎಂಬ ಪ್ರೋಟೀನಿನ ಕೊರತೆಯೇ ಇದಕ್ಕೆ ಕಾರಣವೆಂದು 2006ರಲ್ಲಿ ಸ್ಕಾಟ್‌ಲೆಂಡಿನ ಡಂಡೀ ನಗರದ ಮೆಕ್‌ಲೀನ್ ಮತ್ತು ಸಂಗಡಿಗರು ತೋರಿಸಿದ್ದರು. ಅಂಥವರಿಗೆ ಬೊಜ್ಜಿನ ಉಪದೇಶ ಏನು ಮಾಡೀತು?

ದಪ್ಪ ಎಂದರೆ ಎಷ್ಟು ಎಂಬುದೂ ಸುಲಭದ ಪ್ರಶ್ನೆಯಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ ಬೆಲ್ಜಿಯಮ್ಮಿನ ಖಗೋಳಜ್ಞ ಕೆಟ್ಲೆಯದು, 1832ರ ಸುಮಾರಿನದು. ಅವನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’, ರೋಗಿಯಲ್ಲ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್‌ಕಿನ್ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಕೆಟ್ಲೆ ಸೂಚ್ಯಂಕವೂ 22.3. ಯುಡ್‌ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತಕ್ಕಡಿಯ ಕಣ್ಣಿಗೆ ಇಬ್ಬರೂ ಒಂದೇ. ನಮ್ಮವರು ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬನ್ನು ಹೊತ್ತಿರುತ್ತಾರೆ. ಭಾರತೀಯರಿಗೆ 25ರ ಬದಲು 23ರಿಂದಲೇ ಹೆಚ್ಚಿನ ತೂಕವೆಂದು ಎಣಿಸಬೇಕೆಂಬ ಒಮ್ಮತ ನಮ್ಮ ವೈದ್ಯರಲ್ಲಿ ಮೂಡಿದ್ದು ಇಂಥ ಕಾರಣಗಳಿಂದ.

ಈಗ ಕಥೆಯ ಸಂದಿಗೆ ಬಂದೆವು. 2017ರಲ್ಲಿ ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೆಯ ಪಂಗಡದ ಟಿ ಕೋಶಗಳು ಹೊರಡಿಸುವ ನಾಲ್ಕು ಮತ್ತು ಹದಿಮೂರನೆಯ ಇಂಟರ್‌ಲ್ಯೂಕಿನ್‌ಗಳ ಬಾಯಿ ಕಟ್ಟುವ ಔಷಧ ಇದು. ಎಷ್ಟೋ ವರ್ಷ ನಿದ್ದೆ ಕಾಣದವರು ನಿದ್ದೆಹೋದರು. ಅಷ್ಟೇನೂ ಗುಣಕಾಣದವರೂ ಇದ್ದರು. ಔಷಧ ದುಬಾರಿ, ಗುಣ ಬಾರದಾಗ ರೋಗಿಯ ಸಂಕಟ ಇಮ್ಮಡಿ.

2022ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ಮತ್ತು ಯೆ ಜೆಂಗ್, ಸ್ಯಾನ್‌ಫ್ರಾನ್ಸಿಸ್ಕೋದ ಅಲೆಕ್ಸಾಂಡರ್ ಮಾರ್ಸನ್ ಮತ್ತು ಸಾಗರ್ ಬಾಪಟ್ ಇವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿತು. ಕೆಲವು ಇಲಿಗಳಿಗೆ ಜಿಡ್ಡಿನ ಆಹಾರ ತಿನ್ನಿಸಿ ದಪ್ಪ ಮಾಡಿದರು. ಕೆಲವನ್ನು ಸಾಮಾನ್ಯ ಆಹಾರದಲ್ಲಿಟ್ಟರು. ಎಲ್ಲದರ ಚರ್ಮಕ್ಕೂ ಒಂದು ಲೇಪ ಹಚ್ಚಿ ಇಸಬನ್ನು ಹುಟ್ಟಿಸಿದರು. (ಆ ಲೇಪ ಮನುಷ್ಯರಲ್ಲಿ ಸೋರಿಯಾಸಿಸ್‌ಗೆ ಕೊಡುವ ಔಷಧ. ಇಲಿಗೆ ಅದು ಇಸಬು ತರುತ್ತದೆ. ಪ್ರಯೋಗಶಾಲೆಯ ವ್ಯಂಗ್ಯಗಳು ಹೀಗಿರುತ್ತವೆ.) ದಪ್ಪ ಇಲಿಗಳ ಚರ್ಮ ಬಹಳ ಹೆಚ್ಚು ಊದಿತು. ಇದು ನಿರೀಕ್ಷಿತವೇ. ಅನಿರೀಕ್ಷಿತವಾದದ್ದು ಚಿಕಿತ್ಸೆಯ ಫಲ. ನಾಲ್ಕು ಮತ್ತು ಹದಿಮೂರನೆಯ ಇಂಟರ್‌ಲ್ಯೂಕಿನ್‌ಗಳನ್ನು ತಡೆಯುವ ಮದ್ದು ಕೊಟ್ಟಾಗ ತೆಳ್ಳನೆಯ ಇಲಿಗಳ ಚರ್ಮ ಸುಧಾರಿಸಿತು. ದಪ್ಪ ಇಲಿಗಳ ಚರ್ಮ ಇನ್ನಷ್ಟು ಕೆಟ್ಟಿತು.

ಕಾರಣ ಹುಡುಕಿದಾಗ ಕಂಡದ್ದು ಇಷ್ಟು. ತೆಳ್ಳನೆಯ ಇಲಿಯ ಚರ್ಮದಲ್ಲಿ ಹೋರಾಡುತ್ತಿದ್ದವು ಎರಡನೆಯ ಪಂಗಡದ ಕೋಶಗಳು. ದಪ್ಪ ಇಲಿಯ ಚರ್ಮದಲ್ಲಿ ಹದಿನೇಳರ ಪಂಗಡದವು ಮೇಲುಗೈಯಾಗಿದ್ದವು. ಹೊರಗಿನಿಂದ ನೋಡುವವರಿಗೆ ಅದೇ ಕೆಂಪು, ಅದೇ ಊತ; ಒಳಗೆ ಬೇರೆ ಸೇನೆ. ಈ ಅದಲುಬದಲಿನ ಹಿಂದೆ ಪಿಪಿಎಆರ್-ಗಾಮಾ ಎಂಬ ಪ್ರೋಟೀನಿನ ಕೈವಾಡವಿತ್ತು. ಕೊಬ್ಬಿನ ಕೋಶ ಕೊಬ್ಬಿನ ಕೋಶವಾಗಲು ಇದೇ ಪ್ರೋಟೀನು ಬೇಕೆಂದು 1994ರಲ್ಲಿ ಸ್ಪೀಗಲ್‌ಮನ್ ಅವರ ತಂಡ ತೋರಿಸಿತ್ತು. ಎರಡನೆಯ ಪಂಗಡದ ಟಿ ಕೋಶಗಳು ಸರಿಯಾಗಿ ಕೆಲಸ ಮಾಡಲು ಬೇಕಾದದ್ದೂ ಅದೇ. ಸ್ಥೂಲದೇಹದ ಟಿ ಕೋಶಗಳಲ್ಲಿ ಅದರ ಕೆಲಸ ಕುಂದಿತ್ತು.

ಸಂಶೋಧಕರು ಅದನ್ನು ಚುರುಕುಗೊಳಿಸುವ ರೋಸಿಗ್ಲಿಟಜೋನ್ ಎಂಬ ಹಳೆಯ ಮಧುಮೇಹದ ಮಾತ್ರೆಯನ್ನು ಹುಡುಕಿ ತೆಗೆದರು. ಹೃದಯಕ್ಕೆ ಕೇಡೆಂಬ ಆರೋಪದಿಂದ 2010ರಲ್ಲಿ ಭಾರತದಲ್ಲಿ ನಿಷೇಧಗೊಂಡ ಔಷಧ ಅದು. ಅದನ್ನು ಕೊಟ್ಟ ಮೇಲೆ ದಪ್ಪ ಇಲಿಗಳ ಚರ್ಮದಲ್ಲಿ ಎರಡನೆಯ ಪಂಗಡ ಮತ್ತೆ ಮುಂದೆ ಬಂತು. ಹಿಂದೆ ಕೆಡಿಸಿದ ಚಿಕಿತ್ಸೆಯೇ ಈಗ ಗುಣ ಕೊಟ್ಟಿತು. ಇಲಿಗಳ ತೂಕ ಮಾತ್ರ ಇಳಿದಿರಲಿಲ್ಲ.

ಇಲಿ ಮನುಷ್ಯನಲ್ಲ ಎಂಬ ಎಚ್ಚರಿಕೆಯನ್ನು ತಂಡವೂ ಮರೆಯಲಿಲ್ಲ. ಇಸಬಿನ ಒಂದು ಸಣ್ಣ ಗುಂಪಿನ ರೋಗಿಗಳ, ಮತ್ತು ಉಬ್ಬಸದ ರೋಗಿಗಳ ದಾಖಲೆಗಳನ್ನು ನೋಡಿದಾಗ ಸ್ಥೂಲರಿಗೆ ಇಂಥ ಔಷಧಗಳು ಕಡಿಮೆ ಒದಗುವ ಒಲವು ಅವರಿಗೆ ಕಂಡಿತು. ಅದಕ್ಕಿಂತ ಹೆಚ್ಚಿನದನ್ನು ಅವರು ಹೇಳಲಿಲ್ಲ. 2015ರ ಇನ್ನೊಂದು ಅಧ್ಯಯನವನ್ನೂ ಇಲ್ಲಿ ಹೇಳಬೇಕು. ಜಪಾನ್ ಮತ್ತು ಕೊರಿಯಾಗಳ ಇಸಬಿನ ರೋಗಿಗಳ ಚರ್ಮದಲ್ಲಿ ಹದಿನೇಳರ ಪಂಗಡ ಯೂರೋಪು ಮೂಲದ ಅಮೆರಿಕನ್ನರಿಗಿಂತ ಹೆಚ್ಚು ಕ್ರಿಯಾಶೀಲವೆಂದು ಅದು ತೋರಿಸಿತು. ನಮ್ಮವರ ಚರ್ಮ ಆ ಅಧ್ಯಯನದಲ್ಲಿ ಸೇರಿರಲಿಲ್ಲ. ತೆಳುಮೈಯಲ್ಲೂ ಕೊಬ್ಬನ್ನು ಬಚ್ಚಿಟ್ಟುಕೊಂಡಿರುವ ನಮ್ಮ ಜನಕ್ಕೆ ಇದು ಕುತೂಹಲದ ಮಾತಷ್ಟೇ ಅಲ್ಲ.

ತೂಕ ಇಳಿಸುವುದರಿಂದ ಲಾಭವಿಲ್ಲವೆಂದು ಇದರರ್ಥವಲ್ಲ. ಮಧುಮೇಹಕ್ಕೆ, ಹೃದಯಕ್ಕೆ, ಮೊಣಕಾಲಿಗೆ ಅದರಿಂದ ಲಾಭವುಂಟು, ಚರ್ಮಕ್ಕೂ ಇರಬಹುದು. ಆದರೆ ಕೆರೆದುಕೊಳ್ಳುತ್ತ ಬಂದ ದಪ್ಪ ಮೈಯವರಿಗೆ “ಮೊದಲು ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ” ಎಂದು ಕಳುಹಿಸುವವರು ಇಂದಿಗೂ ಇದ್ದಾರೆ. ಚೀಟಿಯ ಮೇಲೆ ಬರೆಯುವ ಔಷಧದ ಹೆಸರು ತೆಳ್ಳನೆಯವರಿಗೂ ಅದೇ, ಇವರಿಗೂ ಅದೇ. ಗುಣವಾಗದಿದ್ದರೆ ತಪ್ಪು ನಾಲಗೆಯದು. ನನ್ನ ಅತ್ತೆ ಬದನೆಕಾಯಿ ಬಿಟ್ಟು ನಲವತ್ತು ವರ್ಷವಾಗಿತ್ತು, ಮೊಣಕೈ ಮಡಿಕೆಯ ಇಸಬು ಹಾಗೆಯೇ ಇತ್ತು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರೂ ಆ ಚರ್ಮದೊಳಗೆ ಯಾವ ಪಂಗಡ ಕಾದಾಡುತ್ತಿದೆ ಎಂದು ಕೇಳುವಂತಿರಲಿಲ್ಲ. ಕೇಳಲು ಬೇಕಾದ ಮಾತೇ ಆಗ ಹುಟ್ಟಿರಲಿಲ್ಲ. ಈಗ ಹುಟ್ಟಿದೆ.